ಸರಪಳಿಯಿಂದ ಲೇಸರ್ ಕಿರಣದವರೆಗೆ

ಶತಮಾನೋತ್ಸವದ ಸಿದ್ಧತೆಗಾಗಿ ಶಾಲೆಯ ಹಳೆಯ ಕಪಾಟುಗಳನ್ನು ತೆರವುಗೊಳಿಸುತ್ತಿದ್ದಾಗ ಹಾಜರಿ ಪುಸ್ತಕಗಳ ರಾಶಿಯ ಅಡಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಸರಪಳಿಯೊಂದು ನಮಗೆ ದೊರೆಯಿತು. ದನ ಕಟ್ಟುವ ಸರಪಳಿಯಲ್ಲ ಅದು. ಗೇಣಿಗಿಂತ ತುಸು ಗಿಡ್ಡವಾದ ತಂತಿಯ ಕೊಂಡಿಗಳು, ನಡುನಡುವೆ ಹಲ್ಲುಗಳುಳ್ಳ ಹಿತ್ತಾಳೆಯ ಬಿಲ್ಲೆಗಳು, ಒಂದು ತುದಿಯಲ್ಲಿ ಹಿಡಿಕೆ. ಮತ್ತೊಂದು ತುದಿಯ ಹಿಡಿಕೆ ಎಂದೋ ಕಳಚಿಹೋಗಿದೆ. ಏಳನೆಯ ತರಗತಿಯ ಮಕ್ಕಳು ಅಂಗಳದಲ್ಲಿ ಹಾಸಿ ಎಣಿಸಿದಾಗ ಎಪ್ಪತ್ತೊಂದು ಕೊಂಡಿಗಳು ಉಳಿದಿದ್ದವು. ಮೂಲದಲ್ಲಿ ನೂರು ಇದ್ದಿರಬೇಕು. ಇದು ಅರುವತ್ತಾರು ಅಡಿ ಉದ್ದದ ಗಂಟರ್ ಸರಪಳಿ. ನಮ್ಮ ಶಾಲೆ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಕ್ಷೇತ್ರಗಣಿತದ ಪಾಠಕ್ಕಾಗಿ ತರಿಸಿದುದಿರಬಹುದು.

ಮಕ್ಕಳಿಗೆ ಅದು ಆಟಿಕೆಯಂತೆ ಕಂಡಿತು. ಆದರೆ ಅವರು ದಿನವೂ ಆಡುವ ಮಾತಿನಲ್ಲಿ ಆ ಸರಪಳಿ ಇನ್ನೂ ಜೀವಂತವಾಗಿದೆ. ನಮ್ಮ ಕಡೆ ಜಾಗದ ಲೆಕ್ಕ ಹೇಳುವುದು ಸೆಂಟ್ಸ್‌ನಲ್ಲಿ. 'ಹತ್ತು ಸೆಂಟ್ಸ್ ಜಾಗೆಯಲ್ಲಿ ಮನೆ ಕಟ್ಟಿದ್ದಾರೆ' ಎನ್ನುತ್ತೇವೆ. ಹತ್ತು ಚದರ ಸರಪಳಿಗೆ ಒಂದು ಎಕರೆ. ಎಕರೆಯ ನೂರನೆಯ ಒಂದು ಪಾಲು ಒಂದು ಸೆಂಟ್. ಅಂದರೆ ಸರಪಳಿಯ ಕೊಂಡಿಗಳ ಲೆಕ್ಕದಲ್ಲಿ ಸರಿಯಾಗಿ ಒಂದು ಸಾವಿರ ಚದರ ಕೊಂಡಿ. ಆಧಾರಪತ್ರಗಳು ಬದಲಾದವು, ಜಿಲ್ಲೆ ಬದಲಾಯಿತು, 1956ರ ನವೆಂಬರ್ 1ರಂದು ರಾಜ್ಯವೇ ಬದಲಾಯಿತು. ಕೊಂಡಿಯ ಲೆಕ್ಕ ಮಾತ್ರ ಉಳಿಯಿತು. ಇಂದು ಅದೇ ನೆಲವನ್ನು ಬೆಳಕಿನಿಂದ ಅಳೆಯಲಾಗುತ್ತಿದೆ. ಕಬ್ಬಿಣದಿಂದ ಬೆಳಕಿಗೆ ಮನುಷ್ಯನು ಹೇಗೆ ಬಂದನೆಂಬುದನ್ನು ರಕ್ಷಕರಿಗೂ ಹಳೆವಿದ್ಯಾರ್ಥಿಗಳಿಗೂ ನಮ್ಮ ಭಾಷೆಯಲ್ಲಿಯೇ ಒಮ್ಮೆ ಹೇಳಬೇಕೆಂಬ ಆಸೆಯಿಂದ ಈ ಬರಹವನ್ನು ಕೈಗೆತ್ತಿಕೊಂಡಿದ್ದೇವೆ.

ದಕ್ಷಿಣ ಭಾರತದ ನೆಲವನ್ನು ಶಾಸ್ತ್ರೀಯವಾಗಿ ಅಳೆಯುವ ಕೆಲಸ ಆರಂಭವಾದುದು ಒಂದು ಯುದ್ಧದ ಬೆನ್ನಿಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷ್ ಸೇನೆಯಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯಿದ್ದ. ಮಿತಭಾಷಿ, ಗಣಿತದಲ್ಲಿ ಮುಳುಗಿದವ, ವಯಸ್ಸಿನಲ್ಲಿ ಸಹೋದ್ಯೋಗಿಗಳಿಗಿಂತ ಹಿರಿಯ. ಗೆದ್ದ ನಾಡಿನ ನಕ್ಷೆ ಮಾಡುವುದರ ಜೊತೆಗೆ ಭೂಮಿಯ ಆಕಾರವನ್ನೇ ಅಳೆಯಬಹುದೆಂದು ಅವನು ಮೇಲಧಿಕಾರಿಗಳನ್ನು ಒಪ್ಪಿಸಿದ. 1800ರಲ್ಲಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಅಳೆದ. ಅನಂತರ 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಮತ್ತೊಂದು ಆಧಾರರೇಖೆಯ ಅಳತೆಯನ್ನು ಆರಂಭಿಸಿದ. ಮುಂದೆ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯೆಂದು ಹೆಸರಾದ ಕಾರ್ಯದ ಹುಟ್ಟುಹಬ್ಬವೆಂದು ಈ ದಿನವನ್ನೇ ಗಣಿಸುತ್ತಾರೆ.

ಅವನ ಸರಪಳಿ ನಮ್ಮ ಶಾಲೆಯದರಂತೆ ತಂತಿಯದಲ್ಲ. ನೂರು ಅಡಿಯ ಉಕ್ಕಿನ ಸರಪಳಿ, ಎರಡೂವರೆ ಅಡಿಯ ನಲುವತ್ತು ಸಲಾಕೆಗಳನ್ನು ಜೋಡಿಸಿದುದು. ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೊರಟ ಉಪಕರಣಗಳ ಜೊತೆ ಹೋಗಿ, ಅಲ್ಲಿ ಬೇಡವಾಗಿ, ಕಲ್ಕತ್ತೆಗೆ ಬಂದು ಮಾರಾಟವಾದ ಸರಪಳಿಯದು. ಅದನ್ನು ನೆಲದ ಮೇಲೆ ಎಳೆಯುತ್ತಿರಲಿಲ್ಲ. ಕಾಲುಮಣೆಗಳ ಮೇಲೆ ಸಮತಟ್ಟಾಗಿರಿಸಿದ ಮರದ ದೋಣಿಗಳಲ್ಲಿ ಹಾಸಿ, ಬಿಸಿಲಿಗೆ ಡೇರೆ ಕಟ್ಟಿ, ಉಷ್ಣತಾಮಾಪಕಗಳನ್ನಿಟ್ಟು, ಉಕ್ಕು ಎಷ್ಟು ಹಿಗ್ಗಿತೆಂಬುದನ್ನು ಪ್ರತಿ ಸಲವೂ ಲೆಕ್ಕ ಹಾಕುತ್ತಿದ್ದರು. ಏಳೂವರೆ ಮೈಲಿಗೆ ವಾರಗಟ್ಟಲೆ ಹಿಡಿಯುತ್ತಿದ್ದುದು ಆಶ್ಚರ್ಯವಲ್ಲ.

ಒಂದು ರೇಖೆಯನ್ನು ಹೀಗೆ ಅಳೆದ ಮೇಲೆ ಉಳಿದುದೆಲ್ಲ ಕೋನಗಳ ಕೆಲಸ. ತ್ರಿಕೋನದ ಒಂದು ಭುಜ ಮತ್ತು ಎರಡು ಕೋನಗಳು ಗೊತ್ತಿದ್ದರೆ ಉಳಿದೆರಡು ಭುಜಗಳು ಲೆಕ್ಕಕ್ಕೆ ಸಿಗುತ್ತವೆಂಬುದನ್ನು ನಮ್ಮ ಹತ್ತನೆಯ ತರಗತಿಯ ಮಕ್ಕಳೂ ಬಲ್ಲರು. ಆ ಕೋನಗಳಿಗಾಗಿ ಲಂಡನ್ನಿನಲ್ಲಿ ತಯಾರಾದ ಥಿಯೋಡೊಲೈಟ್ ಅರ್ಧ ಟನ್ನಿನಷ್ಟು ಭಾರವಿತ್ತು. ಬರುವ ದಾರಿಯಲ್ಲಿ ಫ್ರೆಂಚರು ಹಡಗನ್ನು ಹಿಡಿದು ಮಾರಿಷಸ್‌ಗೆ ಒಯ್ದರು. ಪೆಟ್ಟಿಗೆಯಲ್ಲಿರುವುದು ವಿಜ್ಞಾನದ ಉಪಕರಣವೆಂದು ತಿಳಿದು ಅಲ್ಲಿನ ಗವರ್ನರ್ ಅದನ್ನು ಸೌಜನ್ಯದಿಂದ ಹಿಂದಿರುಗಿಸಿದ. 1808ರಲ್ಲಿ ತಂಜಾವೂರಿನ ದೊಡ್ಡ ದೇವಾಲಯದ ವಿಮಾನಕ್ಕೆ ಹಗ್ಗ ಕಟ್ಟಿ ಏರಿಸುವಾಗ ಹಗ್ಗ ತುಂಡಾಗಿ, ಅದೇ ಉಪಕರಣ ಗೋಡೆಗೆ ಬಡಿದು ಅದರ ವೃತ್ತ ಸೊಟ್ಟಗಾಯಿತು. ಲ್ಯಾಂಬ್ಟನ್ ಡೇರೆಯೊಳಗೆ ಬಾಗಿಲು ಹಾಕಿಕೊಂಡು ವಾರಗಳ ಕಾಲ ತಟ್ಟಿ ಬಡಿದು ತಾನೇ ಅದನ್ನು ಸರಿಪಡಿಸಿದನಂತೆ.

ಆ ತ್ರಿಕೋನಗಳು ಮದರಾಸಿನಿಂದ ಬೆಂಗಳೂರನ್ನು ಹಾದು ನಮ್ಮ ಪಶ್ಚಿಮ ಕರಾವಳಿಗೂ ಬಂದವು. ನೀಲೇಶ್ವರದಿಂದ ತೆಂಕಣಕ್ಕಿರುವ ಏಳಿಮಲೆ ಅವನ ನಿಲ್ದಾಣಗಳಲ್ಲೊಂದು. ಎರಡು ಕಡಲುಗಳ ನಡುವಣ ದೂರವನ್ನು ಲೆಕ್ಕಹಾಕಿ ನೋಡಿದರೆ ಸುಮಾರು 360 ಮೈಲಿ. ಅದುವರೆಗಿನ ನಕ್ಷೆಗಳಲ್ಲಿ ಅದು 400 ಮೈಲಿಯಾಗಿತ್ತು. ನಲುವತ್ತು ಮೈಲಿ ನೆಲ ಕಾಗದದ ಮೇಲೆ ಇತ್ತು, ನಿಜದಲ್ಲಿ ಇರಲಿಲ್ಲ! ಲ್ಯಾಂಬ್ಟನ್ 1823ರಲ್ಲಿ ಮಧ್ಯಭಾರತದ ಹಿಂಗನಘಾಟಿನಲ್ಲಿ, ಕೆಲಸದ ನಡುವೆಯೇ ತೀರಿಕೊಂಡ. ಅವನ ಸರಪಳಿಯನ್ನು ಹೊತ್ತವರ, ಗುಡ್ಡದ ತುದಿಯ ಮರ ಕಡಿದವರ, ಜ್ವರದಿಂದ ಸತ್ತ ಬಾವುಟದಾಳುಗಳ ಹೆಸರುಗಳು ಬಹುಪಾಲು ಉಳಿದಿಲ್ಲ. ಇತಿಹಾಸದ ಅಧ್ಯಾಪಕರಾಗಿ ನಾವು ಈ ಪಾಠ ಮಾಡುವಾಗಲೆಲ್ಲ ಅದು ಮನಸ್ಸಿಗೆ ಚುಚ್ಚುತ್ತದೆ.

ಲ್ಯಾಂಬ್ಟನ್ನನ ದುರ್ಬೀನು ಬೆಳಕನ್ನು ಬಳಸಿದ್ದು ದಿಕ್ಕು ತಿಳಿಯಲು. ದೂರ ತಿಳಿಯಲು ಬೆಳಕನ್ನು ಬಳಸಬೇಕಾದರೆ ಬೆಳಕಿನ ವೇಗ ಗೊತ್ತಿರಬೇಕು. 1849ರಲ್ಲಿ ಫ್ರಾನ್ಸಿನ ಫಿಜೋ ಹಲ್ಲುಚಕ್ರವೊಂದನ್ನು ರಭಸದಿಂದ ತಿರುಗಿಸಿ, ಅದರ ಎರಡು ಹಲ್ಲುಗಳ ನಡುವೆ ಹೊರಟ ಬೆಳಕು ದೂರದ ಕನ್ನಡಿಗೆ ತಾಗಿ ಮರಳುವಷ್ಟರಲ್ಲಿ ಮುಂದಿನ ಹಲ್ಲು ಅಡ್ಡ ಬರುವಂತೆ ಮಾಡಿ, ನೆಲದ ಮೇಲೆಯೇ ಆ ವೇಗವನ್ನು ಅಳೆದ. ಇಂದು ನಾವು ಒಪ್ಪುವ ಬೆಲೆ ಸೆಕೆಂಡಿಗೆ 2,99,792 ಕಿಲೋಮೀಟರ್. ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ಬೆಳಕು ಸಾಗುವುದು ಸುಮಾರು ಮೂವತ್ತು ಸೆಂಟಿಮೀಟರ್, ಅಂದರೆ ಮಗುವಿನ ಕಂಪಾಸು ಪೆಟ್ಟಿಗೆಯ ಹೊರಗಿರುವ ದೊಡ್ಡ ಅಳತೆಪಟ್ಟಿಯಷ್ಟು. ಫಿಜೋನ ಪ್ರಯೋಗವನ್ನು ತಿರುವಿ ಹಾಕಿದರೆ ಸಾಕು: ವೇಗ ಗೊತ್ತಿದ್ದು ಸಮಯವನ್ನು ಅಳೆದರೆ ದೂರ ದೊರೆಯುತ್ತದೆ. ಸ್ವೀಡನ್ನಿನ ಬರ್ಗ್‌ಸ್ಟ್ರಾಂಡ್ 1940ರ ದಶಕದ ಕೊನೆಯಲ್ಲಿ ಇದೇ ಆಲೋಚನೆಯಿಂದ ಜಿಯೋಡಿಮೀಟರ್ ಎಂಬ ಉಪಕರಣವನ್ನು ರೂಪಿಸಿದ. ಬೆಟ್ಟದಿಂದ ಬೆಟ್ಟಕ್ಕೆ ಬೆಳಕು ಕಳುಹಿಸಿ ದೂರ ಹೇಳುವ ಮೊದಲ ಯಂತ್ರಗಳಲ್ಲಿ ಅದೊಂದು.

ಇನ್ನೊಂದು ಕಡೆಯಿಂದ, ಆಕಾಶವನ್ನು ಅಳೆಯುವವರೂ ಇದೇ ಜಾಗಕ್ಕೆ ಬರುತ್ತಿದ್ದರು. 1930ರಲ್ಲಿ ಐರ್ಲೆಂಡಿನ ಎಡ್ವರ್ಡ್ ಸಿಂಜ್ ಎಂಬವರು, ನಾಟಕಕಾರ ಜೆ. ಎಂ. ಸಿಂಜ್ ಅವರ ಸೋದರನ ಮಗ, ಪ್ರಬಲವಾದ ಶೋಧದೀಪಗಳನ್ನು ಆಕಾಶಕ್ಕೆ ಹಾಯಿಸಿ, ಗಾಳಿಯ ಕಣಗಳಿಂದ ಚದರಿ ಮರಳುವ ಮಂದ ಬೆಳಕನ್ನು ಗಮನಿಸಿದರೆ ಮೇಲಿನ ವಾಯುಮಂಡಲದ ಸಾಂದ್ರತೆ ತಿಳಿಯಬಹುದೆಂದು ಸೂಚಿಸಿದರು. ಮುಂದಿನ ವರ್ಷಗಳಲ್ಲಿ ಮೋಡದ ಅಡಿಯ ಎತ್ತರವನ್ನು ಬೆಳಕಿನ ಮಿಡಿತಗಳಿಂದ ಅಳೆದರು. 1953ರಲ್ಲಿ ಮಿಡಲ್‌ಟನ್ ಮತ್ತು ಸ್ಪಿಲ್‌ಹೌಸ್ ಬರೆದ ಹವಾಮಾನ ಉಪಕರಣಗಳ ಪುಸ್ತಕದಲ್ಲಿ 'ಲೈಡಾರ್' ಎಂಬ ಪದ ಕಾಣಿಸಿಕೊಂಡಿತು. ರೇಡಿಯೋ ಅಲೆಗಳಿಂದ ನೋಡುವುದು ರಾಡಾರ್. ಲೈಟಿನಿಂದ, ಎಂದರೆ ಬೆಳಕಿನಿಂದ ನೋಡುವುದು ಲೈಡಾರ್. ಹಾಗಾಗಿ ಈ ಪದ ಲೇಸರಿಗಿಂತಲೂ ಹಳೆಯದು. ಇದನ್ನು ಕೇಳಿದಾಗ ವಿಜ್ಞಾನದ ಅಧ್ಯಾಪಕರೇ ಹುಬ್ಬೇರಿಸುತ್ತಾರೆ.

ಈ ಕಥೆಯ ನಡುವೆ ನಮ್ಮವರೊಬ್ಬರ ನೆನಪು ಬರುತ್ತದೆ. 1921ರಲ್ಲಿ ಹಡಗಿನ ಮೇಲಿಂದ ಕಡಲಿನ ನೀಲಿಯನ್ನು ನೋಡಿ ಬೆಳಕು ಚದರುವುದರ ಬಗ್ಗೆ ಚಿಂತಿಸತೊಡಗಿ, 1928ರಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡುಕೊಂಡ ಸಿ. ವಿ. ರಾಮನ್ ಮುಂದೆ ಬೆಂಗಳೂರಿನಲ್ಲಿಯೇ ನೆಲೆಸಿದರು. ಅಣುವಿಗೆ ತಾಗಿ ಚದರಿದ ಬೆಳಕಿನ ಒಂದು ಅಲ್ಪಾಂಶ ಬಣ್ಣ ಬದಲಿಸಿಕೊಳ್ಳುತ್ತದೆ. ಎಷ್ಟು ಬದಲಿಸಿತೆಂಬುದು ಅಣು ಯಾವುದೆಂಬುದನ್ನು ಹೇಳುತ್ತದೆ. ಈ ಗುಣವನ್ನೇ ಹಿಡಿದು ತಲೆಯ ಮೇಲಿನ ಗಾಳಿಯಲ್ಲಿ ಯಾವ ಎತ್ತರದಲ್ಲಿ ಎಷ್ಟು ನೀರಾವಿ ಇದೆಯೆಂದು ನೆಲದಲ್ಲಿ ನಿಂತು ಅಳೆಯುವ ಉಪಕರಣಕ್ಕೆ ರಾಮನ್ ಲೈಡಾರ್ ಎಂದೇ ಹೆಸರು.

ಶೋಧದೀಪದ ಬೆಳಕಿಗೆ ಒಂದು ದೋಷವಿತ್ತು. ಅದು ಹರಡಿಕೊಳ್ಳುತ್ತದೆ. ಟಾರ್ಚನ್ನು ತೋಟದ ಆಚೆ ಬದಿಗೆ ಹಾಯಿಸಿದವರಿಗೆ ಇದು ಗೊತ್ತು. 1960ರ ಮೇ 16ರಂದು ಅಮೆರಿಕದಲ್ಲಿ ಥಿಯೊಡೊರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಬೆಳಗಿಸಿದಾಗ ಒಂದೇ ಬಣ್ಣದ, ಬಹುಮಟ್ಟಿಗೆ ಹರಡದ, ಅತಿ ಚಿಕ್ಕ ಮಿಡಿತಗಳಾಗಿ ಹೊರಡಬಲ್ಲ ಬೆಳಕು ದೊರೆಯಿತು. ಎರಡೇ ವರ್ಷಗಳಲ್ಲಿ, 1962ರಲ್ಲಿ, ಎಂ.ಐ.ಟಿ.ಯ ಸ್ಮುಲಿನ್ ಮತ್ತು ಫಿಯೋಕೊ ಚಂದ್ರನಿಂದ ಮರಳಿದ ಲೇಸರ್ ಬೆಳಕನ್ನು ಹಿಡಿದರು. 1969ರಲ್ಲಿ ಅಪೋಲೊ 11ರ ಯಾತ್ರಿಗಳು ಬಂದ ದಿಕ್ಕಿಗೇ ಬೆಳಕನ್ನು ಹಿಂದಿರುಗಿಸುವ ನೂರು ಹರಳುಗಳ ಫಲಕವೊಂದನ್ನು ಅಲ್ಲಿಟ್ಟು ಬಂದರು. ಭೂಮಿಯಿಂದ ಹೊರಟ ಬೆಳಕು ಅಲ್ಲಿಗೆ ತಾಗಿ ಮರಳಲು ಎರಡೂವರೆ ಸೆಕೆಂಡಿಗೆ ತುಸು ಹೆಚ್ಚು ಬೇಕು. ಆ ಅಳತೆಗಳಿಂದಲೇ ಚಂದ್ರನು ವರ್ಷಕ್ಕೆ ಸುಮಾರು 3.8 ಸೆಂಟಿಮೀಟರಿನಂತೆ ನಮ್ಮಿಂದ ದೂರ ಸರಿಯುತ್ತಿದ್ದಾನೆಂದು ತಿಳಿದುದು. ಬಿಸಿಲಿಗೆ ಎಷ್ಟು ಹಿಗ್ಗಿತೆಂದು ಉಕ್ಕಿನ ಸರಪಳಿಯ ಮುಂದೆ ಕುಳಿತಿದ್ದ ಲ್ಯಾಂಬ್ಟನ್ ಇದನ್ನು ನಂಬುತ್ತಿದ್ದನೋ ಇಲ್ಲವೋ!

ವಿಮಾನದಿಂದ ನೆಲವನ್ನು ಅಳೆಯುವ ವಿಧಾನ ಪ್ರಾಯೋಗಿಕವಾಗಿ ಕೈಗೂಡಲು 1990ರ ದಶಕದವರೆಗೆ ಕಾಯಬೇಕಾಯಿತು. ಕಾರಣ ಸರಳ. ವಿಮಾನದ ಕೆಳಗಿರುವ ಜಾಗ ಎಷ್ಟು ದೂರದಲ್ಲಿದೆಯೆಂದು ಲೇಸರ್ ಹೇಳುತ್ತದೆ; ಆದರೆ ಆ ಕ್ಷಣ ವಿಮಾನವೇ ಎಲ್ಲಿತ್ತು, ಯಾವ ಕಡೆಗೆ ಎಷ್ಟು ವಾಲಿತ್ತು ಎಂದು ತಿಳಿಯದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. ಜಿಪಿಎಸ್ ಉಪಗ್ರಹಗಳು ಮೊದಲನೆಯ ಪ್ರಶ್ನೆಗೂ ವಿಮಾನದೊಳಗಿನ ಜಡತ್ವ ಸಂವೇದಿಗಳು ಎರಡನೆಯದಕ್ಕೂ ಉತ್ತರ ಕೊಟ್ಟ ಮೇಲೆ ಕೆಲಸ ಸುಗಮವಾಯಿತು. ಸಾವಿರ ಮೀಟರ್ ಎತ್ತರದಲ್ಲಿ ಹಾರುವ ವಿಮಾನದಿಂದ ಹೊರಟ ಮಿಡಿತ ನೆಲಕ್ಕೆ ತಾಗಿ ಮರಳಲು ಸೆಕೆಂಡಿನ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು ಏಳು ಪಾಲು ಸಾಕು. ಹೀಗೆ ಸೆಕೆಂಡಿಗೆ ಲಕ್ಷಗಟ್ಟಲೆ ಮಿಡಿತಗಳು. ಪ್ರತಿಯೊಂದೂ ಒಂದು ಚುಕ್ಕಿ. ಕೋಟ್ಯಂತರ ಚುಕ್ಕಿಗಳು ಸೇರಿ ಗುಡ್ಡೆ, ತೋಡು, ಮನೆಯ ಮಾಡು, ತೆಂಗಿನ ತಲೆ ಎಲ್ಲವೂ ಮೂಡಿ ಬರುತ್ತವೆ.

ಅಡಿಕೆ ತೋಟದ ನೆಲ ವಿಮಾನಕ್ಕೆ ಕಾಣುವುದು ಹೇಗೆ ಎಂಬುದು ಸಹಜವಾದ ಪ್ರಶ್ನೆ. ನಡುಮಧ್ಯಾಹ್ನ ತೋಟದೊಳಗೆ ನಿಂತರೆ ನೆಲದ ಮೇಲೆ ಬಿಸಿಲಿನ ಬಿಲ್ಲೆಗಳು ಕಾಣುತ್ತವೆ. ಬಿಸಿಲು ನುಸುಳುವ ಕಂಡಿಗಳಲ್ಲಿ ಲೇಸರ್ ಕೂಡ ನುಸುಳುತ್ತದೆ. ಒಂದೇ ಮಿಡಿತದ ಒಂದು ಭಾಗ ಸೋಗೆಗೆ ತಾಗಿ ಮೊದಲು ಮರಳುತ್ತದೆ, ಇನ್ನೊಂದು ಭಾಗ ಕೆಳಗಿನ ಕರಿಮೆಣಸಿನ ಬಳ್ಳಿಗೋ ಬಾಳೆಗೋ ತಾಗಿ ಆಮೇಲೆ ಬರುತ್ತದೆ, ಕೊನೆಯ ಭಾಗ ನೆಲದಿಂದ. ಕೊನೆಯವನ್ನಷ್ಟೇ ಆಯ್ದುಕೊಂಡರೆ ಮರಗಳನ್ನು ಕಡಿಯದೆಯೇ ಕಾಡಿನಡಿಯ ನೆಲ ತೆರೆದುಕೊಳ್ಳುತ್ತದೆ.

ಇತಿಹಾಸದ ವಿದ್ಯಾರ್ಥಿಗಳಿಗೆ ಇದು ವರವಾಯಿತು. ಮಧ್ಯ ಅಮೆರಿಕದ ಬೆಲೀಜ್ ದೇಶದ ಕಾಡಿನಲ್ಲಿರುವ ಕಾರಕೋಲ್ ಎಂಬ ಮಾಯಾ ನಗರವನ್ನು ಚೇಸ್ ದಂಪತಿಗಳು ಇಪ್ಪತ್ತೈದು ವರ್ಷ ಕಾಲ್ನಡಿಗೆಯಲ್ಲಿ ಅಳೆದು ಸುಮಾರು 23 ಚದರ ಕಿಲೋಮೀಟರಿನ ನಕ್ಷೆ ಮಾಡಿದ್ದರು. 2009ರಲ್ಲಿ ಲೈಡಾರ್ ಹೊತ್ತ ವಿಮಾನ ಕೆಲವೇ ದಿನಗಳಲ್ಲಿ 200 ಚದರ ಕಿಲೋಮೀಟರನ್ನು ಅಳೆಯಿತು. ಮೆಟ್ಟಿಲು ಮೆಟ್ಟಿಲಾದ ಹೊಲಗಳು, ರಾಜಮಾರ್ಗಗಳು, ಮನೆಯ ಜಗಲಿಗಳು ಕಂಡವು. 2012ರಲ್ಲಿ ಕಾಂಬೋಡಿಯದ ಅಂಕೋರ್ ಮತ್ತು ಕುಲೇನ್ ಬೆಟ್ಟದ ಮೇಲೆ ಡೇಮಿಯನ್ ಇವಾನ್ಸ್ ತಂಡದ ಹೆಲಿಕಾಪ್ಟರ್ ಹಾರಿದಾಗ ಶಾಸನಗಳಲ್ಲಿ ಹೆಸರಿದ್ದ ಮಹೇಂದ್ರಪರ್ವತ ನಗರದ ಬೀದಿಗಳು ಗಿಡಗಂಟಿಗಳ ಅಡಿಯಿಂದ ಎದ್ದುಬಂದವು. ಗ್ವಾಟೆಮಾಲಾದಲ್ಲಿ 2,100 ಚದರ ಕಿಲೋಮೀಟರಿನಲ್ಲಿ ಅರುವತ್ತು ಸಾವಿರಕ್ಕೂ ಹೆಚ್ಚು ಕಟ್ಟಡಗಳ ಗುರುತು ಸಿಕ್ಕಿತೆಂದು 2018ರಲ್ಲಿ ಪ್ರಕಟವಾಯಿತು. ಹಾಗೆಂದು ಯಾವ ಜಗಲಿ ಯಾವ ಶತಮಾನದ್ದೆಂದು ಲೈಡಾರ್ ಹೇಳದು. ಅದಕ್ಕೆ ಕೊನೆಗೂ ಕರಣೆ ಹಿಡಿದು ಅಗೆಯಬೇಕು.

ಈಗ ನಮ್ಮೂರಿಗೆ ಬರೋಣ. 2019ರ ಕೊನೆ ಮತ್ತು 2020ರ ಆರಂಭದ ದಿನಗಳಲ್ಲಿ ಕಾಸರಗೋಡಿನಿಂದ ತಿರುವನಂತಪುರದವರೆಗಿನ ಸುಮಾರು 530 ಕಿಲೋಮೀಟರಿನ ಅರೆ ಅತಿವೇಗದ ರೈಲು ಮಾರ್ಗಕ್ಕಾಗಿ ಪುಟ್ಟ ವಿಮಾನವೊಂದು ಲೈಡಾರ್ ಹೊತ್ತು ಹಾರಿತು. ಅದು ಏನೆಂದು ಆಗ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಈ ಜಿಲ್ಲೆಯ ಜನರಿಗೆ ಆಕಾಶದಲ್ಲಿ ತಗ್ಗಿನಲ್ಲಿ ಹಾರುವ ಯಂತ್ರವೆಂದರೆ ಬೇರೆಯೇ ನೆನಪಿದೆ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರುಗಳು ಎಂಡೋಸಲ್ಫಾನ್ ಸುರಿದುವು; ಅದರ ಫಲವನ್ನು ನಮ್ಮ ತರಗತಿಗಳಲ್ಲಿ ನಾವು ಇಂದಿಗೂ ಕಾಣುತ್ತಿದ್ದೇವೆ. ವಿಮಾನದ ಸದ್ದು ಕೇಳಿ ಅಜ್ಜಿಯೊಬ್ಬರು ಬಾವಿಯ ಬಾಯಿ ಮುಚ್ಚಿಸಿದರೆಂದು ಮಗುವೊಂದು ತರಗತಿಯಲ್ಲಿ ಹೇಳಿದಾಗ ನಗಲು ನಮಗೆ ಮನಸ್ಸು ಬರಲಿಲ್ಲ. ಲೈಡಾರ್ ಏನನ್ನೂ ಸುರಿಯುವುದಿಲ್ಲ, ಬರಿಯ ಬೆಳಕು, ಅದೂ ಕಣ್ಣಿಗೆ ಕಾಣದ ಅವರಕ್ತ ಬೆಳಕು ಎಂದು ಮಕ್ಕಳಿಗೆ ಹೇಳಿ, ಮನೆಗೆ ಹೋಗಿ ಅಜ್ಜಿಗೂ ಹೇಳಿರೆಂದೆವು.

ಆ ಮಾರ್ಗಕ್ಕಾಗಿ ನೆಟ್ಟ ಹಳದಿ ಕಲ್ಲುಗಳು 2022ರಲ್ಲಿ ರಾಜ್ಯದಾದ್ಯಂತ ಪ್ರತಿಭಟನೆಗೆ ಕಾರಣವಾದುವು. ಯೋಜನೆ ಬೇಕೇ ಬೇಡವೇ ಎಂಬುದು ಈ ಬರಹದ ವಿಷಯವಲ್ಲ. ನಮಗೆ ತೋರಿದ ಒಂದು ಮಾತನ್ನು ಮಾತ್ರ ಹೇಳುತ್ತೇವೆ: ಆಕಾಶದಿಂದ ಅಳೆದಾಗ ಯಾರೂ ಆಕ್ಷೇಪಿಸಲಿಲ್ಲ, ಕಲ್ಲು ನೆಟ್ಟಾಗ ಎಲ್ಲರೂ ಎದ್ದುನಿಂತರು. ಅಳತೆ ಕಾಣದಿರುವಾಗ ಜನರಿಗೆ ಅದು ತಮ್ಮ ಅಳತೆಯೆಂದು ತೋರುವುದಿಲ್ಲ.

2022ರ ನವೆಂಬರಿನಿಂದ ಕೇರಳದಲ್ಲಿ ನಡೆಯುತ್ತಿರುವ ಡಿಜಿಟಲ್ ಮರುಸರ್ವೆ ಇದಕ್ಕಿಂತ ಬೇರೆಯದು. ರಕ್ಷಕರಲ್ಲಿ ಹಲವರು ಎರಡನ್ನೂ ಬೆರೆಸಿಕೊಳ್ಳುವುದರಿಂದ ಇದನ್ನು ಬಿಡಿಸಿ ಹೇಳಬೇಕಾಗಿದೆ. ನಿಮ್ಮ ಜಾಗದ ಮೂಲೆಯಲ್ಲಿ ಕೋಲು ಹಿಡಿದು ನಿಲ್ಲುವ ಸಿಬ್ಬಂದಿಯ ಕೈಯಲ್ಲಿರುವುದು ಉಪಗ್ರಹಗಳಿಂದ ಸ್ಥಾನ ತಿಳಿಯುವ ಉಪಕರಣ. ಮರಗಳ ದಟ್ಟಣೆಯಿಂದ ಉಪಗ್ರಹದ ಸಂಕೇತ ಸಿಗದಲ್ಲಿ ಮುಕ್ಕಾಲಿಯ ಮೇಲೆ ಇಡುವ ಟೋಟಲ್ ಸ್ಟೇಷನ್ ಮಾತ್ರ ನಮ್ಮ ಕಥೆಗೆ ಸೇರಿದ್ದು. ಲ್ಯಾಂಬ್ಟನ್ನನ ಥಿಯೋಡೊಲೈಟಿನ ಕೋನವನ್ನೂ ಬರ್ಗ್‌ಸ್ಟ್ರಾಂಡನ ಬೆಳಕಿನ ಅಳತೆಯನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟುಕೊಂಡ ಯಂತ್ರವದು. ಈ ಮರುಸರ್ವೆಯ ಸಮಗ್ರ ಜಾಲತಾಣದ ಮೊದಲ ಪ್ರಯೋಗ 2024ರಲ್ಲಿ ನಡೆದುದು ನಮ್ಮದೇ ಜಿಲ್ಲೆಯ ಉಜಾರು ಉಳುವಾರು ಗ್ರಾಮದಲ್ಲಿ.

ಯಂತ್ರ ಸೆಂಟಿಮೀಟರಿನಷ್ಟು ನಿಖರ. ಆದರೆ ಯಂತ್ರಕ್ಕೆ ಗಡಿ ಎಲ್ಲಿದೆಯೆಂದು ಗೊತ್ತಿಲ್ಲ. ನೀವು ತೋರಿಸಿದ ಕಲ್ಲಿನ ಮೇಲೆ, ನೀವು ತೋರಿಸಿದ ಅಗಳಿನ ಅಂಚಿನಲ್ಲಿ ಕೋಲನ್ನಿಟ್ಟರೆ ಅದು ಆ ಚುಕ್ಕಿಯನ್ನು ಬರೆದುಕೊಳ್ಳುತ್ತದೆ, ಅಷ್ಟೆ. ಮದ್ರಾಸ್ ಕಾಲದ ಸರಪಳಿ ಅಳತೆಯ ನಕ್ಷೆಗೂ ಇಂದಿನ ಅಳತೆಗೂ ವ್ಯತ್ಯಾಸ ಬಂದರೆ ಆಕ್ಷೇಪ ಸಲ್ಲಿಸಲು ಅವಕಾಶವಿದೆ. ಸಲ್ಲಿಸಬೇಕಾದರೆ ಕಾಗದವನ್ನು ಓದಬೇಕು. ಎರಡು ವರ್ಷಗಳ ಹಿಂದೆ ಒಂದು ಕಚೇರಿಯಿಂದ ಬಂದ ಕಾಗದವನ್ನು ಹಿಡಿದು ಶಾಲೆಗೆ ಬಂದ ರಕ್ಷಕರು ಒಬ್ಬಿಬ್ಬರಲ್ಲ. ಕಾಗದ ಮಲಯಾಳದಲ್ಲಿತ್ತು. ಅವರ ಮಕ್ಕಳು ಅದನ್ನು ತಕ್ಕಮಟ್ಟಿಗೆ ಓದಿದರು. ಅವರ ತಂದೆತಾಯಂದಿರಿಗೆ, ಈ ಶಾಲೆಯಲ್ಲೇ ಕನ್ನಡದಲ್ಲಿ ಓದಿ ಹೋದವರಿಗೆ, ಆಗಲಿಲ್ಲ. ಭಾಷಾ ಅಲ್ಪಸಂಖ್ಯಾತರಿಗೆ ಅವರ ಭಾಷೆಯಲ್ಲಿ ಸೂಚನೆ ಕೊಡಬೇಕೆಂದು ನಾವು ಬರೆದ ಮನವಿಗೆ ಬಂದ ಉತ್ತರವೂ ಮಲಯಾಳದಲ್ಲಿಯೇ ಇತ್ತೆಂಬುದನ್ನು ದಾಖಲೆಗಾಗಿ ಇಲ್ಲಿ ಬರೆದಿಡುತ್ತೇವೆ. ಮಲಯಾಳದ ಮೇಲೆ ನಮಗೆ ಮುನಿಸಿಲ್ಲ. ನಮ್ಮ ಸಹೋದ್ಯೋಗಿಗಳಲ್ಲಿ, ನೆರೆಹೊರೆಯಲ್ಲಿ ಅದು ದಿನದ ಮಾತು. ಆದರೆ ಆಧಾರಪತ್ರದ ವಿಷಯದಲ್ಲಿ ಅರ್ಧ ಅರ್ಥವಾಗುವುದೆಂದರೆ ಅರ್ಥವಾಗದಿರುವುದಕ್ಕಿಂತ ಅಪಾಯ.

ಓದದ ನಕ್ಷೆಯ ಬೆಲೆ ಎಷ್ಟೆಂಬುದಕ್ಕೆ ಇನ್ನೂ ಗಂಭೀರವಾದ ನಿದರ್ಶನವಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಓಸೊ ಎಂಬ ಊರಿನ ಬಳಿ 2014ರ ಮಾರ್ಚ್ 22ರಂದು ಗುಡ್ಡವೊಂದು ಕುಸಿದು 43 ಮಂದಿ ತೀರಿಕೊಂಡರು. ಆ ಕಣಿವೆಯ ಲೈಡಾರ್ ನಕ್ಷೆ ಅದಕ್ಕಿಂತ ಮೊದಲೇ ತಯಾರಾಗಿತ್ತು. ಮರಗಳನ್ನು ಕಳಚಿ ನೋಡಿದರೆ ನದಿಯ ಎರಡೂ ದಂಡೆಗಳಲ್ಲಿ ಹಿಂದಿನ ಕುಸಿತಗಳ ಗಾಯದ ಗುರುತುಗಳು ಒಂದರ ಪಕ್ಕ ಒಂದು ಸ್ಪಷ್ಟವಾಗಿದ್ದುವು. ಕೆಳಗೆ ಮನೆ ಮಾಡಿಕೊಂಡಿದ್ದವರಲ್ಲಿ ಹೆಚ್ಚಿನವರಿಗೆ ಅದು ತಲುಪಿರಲಿಲ್ಲ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲೆಗಳಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜನ ತೀರಿಕೊಂಡಾಗ, ವೆಳ್ಳಾರ್ಮಲೆಯ ಶಾಲೆಯೇ ಕೆಸರು ಬಂಡೆಗಳ ನಡುವೆ ಮುಳುಗಿದ ಚಿತ್ರವನ್ನು ನೋಡಿದಾಗ, ನಮ್ಮ ಕೊಠಡಿಯ ಅಧ್ಯಾಪಕರೆಲ್ಲರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಗುಡ್ಡದ ಇಳಿಜಾರು, ಹಳೆಯ ಕುಸಿತದ ಗುರುತು, ನೀರು ಹರಿಯುವ ಕೊರಕಲು, ಇವನ್ನೆಲ್ಲ ಕಾಡಿನಡಿಯಿಂದ ಎತ್ತಿ ತೋರಿಸಲು ಇಂದು ಲೈಡಾರಿಗಿಂತ ಒಳ್ಳೆಯ ಸಾಧನ ಮತ್ತೊಂದಿಲ್ಲ. ಆದರೆ ಮಳೆ ಸುರಿಯುವಾಗ ಅದು ನೆರವಾಗದು. ಮೋಡವನ್ನು ಬೆಳಕು ಭೇದಿಸದು. ಅಳೆಯಬೇಕಾದುದು ಬೇಸಗೆಯಲ್ಲಿ, ಓದಿ ಹೇಳಬೇಕಾದುದು ಮಳೆಗಾಲಕ್ಕೆ ಮೊದಲು, ಅಲ್ಲಿನವರ ಮಾತಿನಲ್ಲಿ. ವಯನಾಡಿನಲ್ಲಿಯೂ ಕನ್ನಡ ನುಡಿಯುವ ಮನೆಗಳಿವೆಯೆಂಬುದನ್ನು ಓದುಗರು ಬಲ್ಲರು.

ನಮ್ಮ ದೇಶದ ಸಾಧನೆಯನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರಲ್ಲಿ ನೂರು ಕಿಲೋಮೀಟರ್ ಎತ್ತರದಿಂದ ಸೆಕೆಂಡಿಗೆ ಹತ್ತು ಮಿಡಿತಗಳಂತೆ ಚಂದ್ರನ ಏರುತಗ್ಗುಗಳನ್ನು ಅಳೆದ ಲೇಸರ್ ಉಪಕರಣ ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ ತಯಾರಾದುದು. ಚಂದ್ರಯಾನ-3ರ ವಿಕ್ರಮ್ 2023ರ ಆಗಸ್ಟ್ 23ರ ಸಂಜೆ ಇಳಿಯುವಾಗ ತನ್ನ ಎತ್ತರವನ್ನೂ ವೇಗವನ್ನೂ ತಿಳಿಯಲು ಲೇಸರ್ ಬೆಳಕನ್ನೂ ಬಳಸಿತು. ಆ ಸಂಜೆ ಶಾಲೆಯ ಸಭಾಂಗಣದಲ್ಲಿ ಮಕ್ಕಳು ಎಬ್ಬಿಸಿದ ಗದ್ದಲಕ್ಕೆ ನಾವು ಎಂದಿನಂತೆ ಗದರಲಿಲ್ಲ. ವಿಕ್ರಮನ ಮೈಮೇಲೆ ಬರಿಯ ಐದು ಸೆಂಟಿಮೀಟರ್ ಅಗಲದ, ಎಂಟು ಹರಳುಗಳ ಪ್ರತಿಫಲಕವೊಂದಿದೆ. ಅದೇ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುವ ಅಮೆರಿಕದ ನೌಕೆಯೊಂದು ಸುಮಾರು ನೂರು ಕಿಲೋಮೀಟರ್ ದೂರದಿಂದ ಅದಕ್ಕೆ ಲೇಸರ್ ಹಾಯಿಸಿ ಮರಳಿದ ಬೆಳಕನ್ನು ಗುರುತಿಸಿತು. ವಿಕ್ರಮನ ಉಪಕರಣಗಳು ನಿದ್ದೆ ಹೋಗಿವೆ. ಆ ಹರಳುಗಳಿಗೆ ವಿದ್ಯುತ್ತೂ ಬೇಡ, ನಿದ್ದೆಯೂ ಇಲ್ಲ.

ಇಷ್ಟೆಲ್ಲ ಕಾಣಬಲ್ಲ ಬೆಳಕಿಗೆ ನಮ್ಮ ಜಿಲ್ಲೆಯ ಒಂದು ವಿಶೇಷ ಮಾತ್ರ ಕಾಣದು. ಮುರಕಲ್ಲಿನ ಗುಡ್ಡೆಗಳ ಹೊಟ್ಟೆಯೊಳಗೆ ಅಡ್ಡಲಾಗಿ ಕೊರೆದ ಸಾವಿರಾರು ಸುರಂಗಗಳಿವೆ. ಆಳೊಬ್ಬ ಬಗ್ಗಿ ನಡೆಯುವಷ್ಟು ಅಗಲ, ಒಳಗಿನಿಂದ ಒಸರುವ ನೀರು, ಪಂಪೂ ಬೇಡ ಹಗ್ಗವೂ ಬೇಡ. ಲೇಸರ್ ಮಣ್ಣನ್ನು ಹೊಗುವುದಿಲ್ಲವಾದ್ದರಿಂದ ಆಕಾಶದಿಂದ ನೋಡಿದರೆ ಆ ಗುಡ್ಡೆ ಬರಿಯ ಗುಡ್ಡೆ. ಸರಕಾರದ ನಕ್ಷೆಗಳಲ್ಲಿ ಅವು ಇಲ್ಲದಿರುವುದು ಹೊಸದೇನಲ್ಲ. ಸರಪಳಿ ಹಿಡಿದು ಬಂದವರೂ ಗುಡ್ಡೆಯ ಮೇಲೆಯೇ ನಡೆದುಹೋದರು.

ಶತಮಾನೋತ್ಸವದ ಪ್ರದರ್ಶನಕ್ಕಾಗಿ ಒಂದು ಸುರಂಗವನ್ನಾದರೂ ಅಳೆಯೋಣವೆಂದು ಒಂಬತ್ತನೆಯ ತರಗತಿಯವರು ಹಟ ಹಿಡಿದರು. ಎಂಜಿನಿಯರ್ ಆಗಿರುವ ಹಳೆವಿದ್ಯಾರ್ಥಿಯೊಬ್ಬರು ಅಂಗೈಯಗಲದ ಲೇಸರ್ ಅಳತೆಯಂತ್ರವನ್ನು ಕೊಟ್ಟರು. ಶಾಲೆಯ ಹಿಂದಿನ ಗುಡ್ಡೆಯ ಸುರಂಗವನ್ನು ಕೊರೆದವರು ಈಗ ಎಂಬತ್ತು ದಾಟಿದ ಹಿರಿಯರು. ಮೇಣದಬತ್ತಿಯನ್ನು ಪಕ್ಕದಲ್ಲಿಟ್ಟುಕೊಂಡು, ಅದು ಮಂಕಾದರೆ ಗಾಳಿ ಸಾಲದೆಂದು ತಿಳಿದು ಹೊರಬರುತ್ತ ಕೊರೆದವರು. ಜಗಲಿಯಿಂದೆದ್ದು ಅವರೂ ಬಂದರು. ಬಾಯಿಯಲ್ಲಿ ನಿಂತು ಗುಂಡಿ ಒತ್ತಿದಾಗ ಒಳಗೆ ಕೆಂಪು ಚುಕ್ಕಿ ಮೂಡಿ ಯಂತ್ರ 31.4 ಮೀಟರ್ ಎಂದಿತು. ಮಕ್ಕಳು ಬರೆದುಕೊಂಡರು.

"ಅಷ್ಟೇ ಅಲ್ಲ ಟೀಚರೇ, ಅಲ್ಲಿ ಬಂಡೆ ಸಿಕ್ಕಿತ್ತು. ಎಡಕ್ಕೆ ತಿರುಗಿಸಿದ್ದೇನೆ" ಎಂದರು ಹಿರಿಯರು.

"ತಿರುಗಿದ ಮೇಲೆ ಎಷ್ಟುಂಟು ಅಜ್ಜಾ?" ಎಂದು ಹುಡುಗಿಯೊಬ್ಬಳು ಕೇಳಿದಳು.

"ಕೋಲಿನ ಲೆಕ್ಕದಲ್ಲಿ ನೆನಪುಂಟು. ನಿಮ್ಮ ಮೀಟರಿನಲ್ಲಿ ಗೊತ್ತಿಲ್ಲ ಮಗಾ."

ತಿರುವಿನವರೆಗೆ ಹೋಗಿ ಮತ್ತೊಮ್ಮೆ ಯಂತ್ರವನ್ನಿಡಬಹುದಿತ್ತು. ಆದರೆ ಒಳಗೆ ಮೊಣಕಾಲಿನಷ್ಟು ನೀರಿತ್ತು, ಯಂತ್ರ ಬೇರೆಯವರದು. ಕೊನೆಗೆ ಕಪಾಟಿನ ಸರಪಳಿಯನ್ನೇ ತರಿಸಿದೆವು. ಎಪ್ಪತ್ತೊಂದು ಕೊಂಡಿಗಳ ಆ ತುಂಡನ್ನು ಹಿರಿಯರ ಮಗ ಮತ್ತು ನಮ್ಮ ಗಣಿತದ ಅಧ್ಯಾಪಕರು ಒಳಗೊಯ್ದು ತಿರುವಿನಿಂದ ಕೊನೆಯವರೆಗೆ ಹಾಸಿದರು. ಒಂದು ಸಲ ಪೂರ್ತಿ, ಎರಡನೆಯ ಸಲಕ್ಕೆ ಇಪ್ಪತ್ತಾರು ಕೊಂಡಿ. ಮಕ್ಕಳ ನೋಟ್ ಪುಸ್ತಕದಲ್ಲಿ ಎರಡೂ ಅಳತೆಗಳಿವೆ: ಮೇಲಿನ ಸಾಲಿನಲ್ಲಿ ಲೇಸರಿನದು, ಕೆಳಗಿನ ಸಾಲಿನಲ್ಲಿ ತೊಂಬತ್ತೇಳು ಕೊಂಡಿ, ಅಂದರೆ 19.5 ಮೀಟರ್. ನಕ್ಷೆಯನ್ನು ಪ್ರದರ್ಶನದ ಕೊಠಡಿಯಲ್ಲಿ ಬಾಗಿಲಿನ ಎಡಬದಿಗೆ ತೂಗುಹಾಕಿದ್ದೇವೆ.